ವಾಲ್ಟರ್ ಅಜ್ಜನ ಹೊಸ ಸಾಕ್ಸು

"ಯಾವಾಗ?" ಎಂದರು ವಾಲ್ಟರ್ ಅಜ್ಜ.

ಸ್ನೇಹಲ್‌ಗೆ ಪ್ರಶ್ನೆ ಅರ್ಥವಾಯಿತು. ಉತ್ತರ ಮಾತ್ರ ಗೊತ್ತಿರಲಿಲ್ಲ. ಅವಳು ಬೇಲಿಯ ಈಚೆ ನಿಂತಿದ್ದಳು. ಪಕ್ಕದ ಮನೆಯ ವಾಲ್ಟರ್ ಅಜ್ಜ ಬೇಲಿಯ ಆಚೆ ನಿಂಬೆ ಗಿಡಕ್ಕೆ ನೀರು ಬಿಡುತ್ತಿದ್ದರು.

"ಊಟಕ್ಕೆ ಬನ್ನಿ ಅಂದೆಯಲ್ಲ, ಖಂಡಿತ ಬರ್ತೀನಿ. ಯಾವಾಗ ಬರಲಿ?"

ಅಜ್ಜ ಪೈಪನ್ನು ಕೆಳಗಿಟ್ಟರು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದು, ಅದರಲ್ಲಿ ಕ್ಯಾಲೆಂಡರ್ ತೆರೆದರು. ಅವರಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. ಸ್ನೇಹಲ್‌ಳ ಇಂಗ್ಲಿಷು ಹೇಗಿತ್ತು ಎಂಬುದು ಗುಟ್ಟಾಗಿಯೇ ಇರಲಿ.

ಹುಬ್ಬಳ್ಳಿಯಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವಾಗ "ಮನಿ ಕಡೆ ಬರ್ರಿ" ಅನ್ನುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಸಿಕ್ಕವರು "ಒಂದಿನ ಊಟಕ್ಕ ಬರ್ರಿ" ಅನ್ನುತ್ತಾರೆ. ಕೇಳಿದವರು "ಆತ್ರಿ, ಬರೂಣು" ಅನ್ನುತ್ತಾರೆ. ಅಲ್ಲಿಗೆ ಎಲ್ಲರಿಗೂ ಸಂತೋಷ. ಯಾರೂ ಜೇಬಿನಿಂದ ಫೋನು ತೆಗೆಯುವುದಿಲ್ಲ.

"ಶನಿವಾರ," ಎಂದುಬಿಟ್ಟಳು ಸ್ನೇಹಲ್. ಬಾಯಿಗೆ ಮೊದಲು ಬಂದ ವಾರ ಅದು.

"ಈ ಶನಿವಾರ, ಹನ್ನೆರಡೂವರೆಗೆ?"

"ಹ್ಞೂಂ."

"ಏನು ತರಲಿ?"

ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮನೆಯಲ್ಲಿ ಅವ್ವ ಹೇಳುವುದನ್ನು ಸಾವಿರ ಸಲ ಕೇಳಿದ್ದಳು. "ಏನೂ ಬೇಡ ಅಂಕಲ್. ನೀವು ಬಂದರೆ ಸಾಕು," ಎಂದಳು.

ಅಜ್ಜ ಒಂದೊಂದೇ ಅಕ್ಷರ ಒತ್ತಿ ಫೋನಿನಲ್ಲಿ ಬರೆದುಕೊಂಡರು.

ಇದಕ್ಕೆಲ್ಲ ಕಾರಣ ಪಪ್ಪಾ. ಬೇಸಿಗೆ ರಜೆಗೆ ಅವಳು ಅಜ್ಜಿ ಗುರುಬಸವ್ವನ ಜೊತೆ ಅಮೆರಿಕಕ್ಕೆ, ಹೇವರ್ಡ್ ಎಂಬ ಊರಿನ ಶಿವಶರಣ ಕಾಕಾನ ಮನೆಗೆ ಹೊರಟಾಗ ಪಪ್ಪಾ ಒಂದು ಮಾತು ಹೇಳಿದ್ದ. "ಊರು ನೋಡಿ ಬರಬ್ಯಾಡ. ಊರಾಗ ಇದ್ದು ಬಾ."

ಸ್ನೇಹಲ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ. ಕಾಕಾ "ಬಾ, ದೊಡ್ಡ ಬ್ರಿಜ್ ನೋಡಾಕ ಹೋಗೂಣು" ಎಂದರೆ, "ಅದು ಟೂರಿಸ್ಟ್ ಮಂದಿಗೆ ಕಾಕಾ" ಎಂದಳು. ಎರಡನೆಯ ವಾರಕ್ಕೇ ತಾನು ಹೇವರ್ಡಿನವಳಾಗಿಬಿಟ್ಟೆ ಎಂದು ಅವಳಿಗೆ ಅನ್ನಿಸಿತ್ತು. ಯಾವ ಬಣ್ಣದ ಕಸದ ಬಿನ್ನಿಗೆ ಏನು ಹಾಕಬೇಕು ಎಂದು ಅಜ್ಜಿಗೆ ಪಾಠ ಮಾಡುತ್ತಿದ್ದಳು. ಪಾಠ ಮುಗಿಸಿ, ತಾನು ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ತಪ್ಪು ಬಿನ್ನಿಗೆ ಹಾಕುತ್ತಿದ್ದಳು.

ರಸ್ತೆ ದಾಟುವುದು ಇನ್ನೊಂದು ಕತೆ. ಅವಳು ಅಂಚಿನಲ್ಲಿ ನಿಂತರೆ ಕಾರುಗಳು ನಿಲ್ಲುತ್ತಿದ್ದವು. ಹುಬ್ಬಳ್ಳಿಯ ಅಭ್ಯಾಸದಂತೆ ಅವಳು "ನೀವು ಹೋಗ್ರಿ" ಎಂದು ಕೈ ಮಾಡುತ್ತಿದ್ದಳು. ಕಾರಿನವರು "ನೀನು ಹೋಗು" ಎಂದು ಕೈ ಮಾಡುತ್ತಿದ್ದರು. ಹೀಗೆ ಇಬ್ಬರೂ ಮರ್ಯಾದೆ ಮಾಡುತ್ತ ನಿಂತುಬಿಡುತ್ತಿದ್ದರು. ಕೊನೆಗೆ ಶಾಲೆಯ ಹತ್ತಿರದ ತಿರುವಿನಲ್ಲಿ ಮಕ್ಕಳನ್ನು ದಾಟಿಸುವ ಟೆಸ್ಸಿ ಆಂಟಿ ಕಿತ್ತಳೆ ಕೋಟು ಹಾಕಿಕೊಂಡು, ಸ್ಟಾಪ್ ಬೋರ್ಡು ಹಿಡಿದುಕೊಂಡು ಬಂದು ಅವಳನ್ನು ದಾಟಿಸುತ್ತಿದ್ದರು.

ಅವಳಿಗೆ ರಜೆ ಇದ್ದರೂ ಅಲ್ಲಿನ ಮಕ್ಕಳಿಗೆ ಇನ್ನೂ ಶಾಲೆ ಇತ್ತು. ಕಾಕಾನ ಮಗ ಕೇದಾರ ಒಂದನೆಯ ಕ್ಲಾಸು. ಬೆಳಿಗ್ಗೆ ಅವನನ್ನು ಶಾಲೆಗೆ ಬಿಟ್ಟು ಬಂದರೆ ರಸ್ತೆಯಲ್ಲಿ ಉಳಿಯುತ್ತಿದ್ದವರು ದೊಡ್ಡವರೇ. ಗೆಳತಿಯರು ಸಿಗದ ಮೇಲೆ ಸ್ನೇಹಲ್ ಸಿಕ್ಕವರನ್ನೇ ಗೆಳೆಯರನ್ನಾಗಿ ಮಾಡಿಕೊಂಡಳು. ಟೆಸ್ಸಿ ಆಂಟಿ, ಲೈಬ್ರರಿಯ ಲೂಪೆ ಆಂಟಿ, ವಾಲ್ಟರ್ ಅಜ್ಜ. ಎಲ್ಲರಿಗೂ ಹೊರಡುವಾಗ "ನಮ್ಮ ಮನೆಗೆ ಊಟಕ್ಕೆ ಬನ್ನಿ" ಎನ್ನುತ್ತಿದ್ದಳು. ಅವರು "ಓ, ಹೌ ಸ್ವೀಟ್" ಎನ್ನುತ್ತಿದ್ದರು. ಇದು ಇಲ್ಲಿಯ "ಬರೂಣು" ಇರಬೇಕು ಎಂದುಕೊಂಡಿದ್ದಳು.

ಅವಳು ಎಷ್ಟು ಜಾಣೆ ಎಂಬುದು ಮರುದಿನ ಬೆಳಿಗ್ಗೆ ಇನ್ನಷ್ಟು ಗೊತ್ತಾಯಿತು.

"ಶನಿವಾರ ನಿಮ್ಮ ಮನೆಯಲ್ಲಿ ಊಟವಂತೆ?" ಎಂದರು ಟೆಸ್ಸಿ ಆಂಟಿ, ಸ್ಟಾಪ್ ಬೋರ್ಡು ಎತ್ತಿ ಹಿಡಿದೇ. "ವಾಲ್ಟರ್ ಹೇಳಿದರು. ನನಗೆ ಶನಿವಾರ ಡ್ಯೂಟಿ ಇಲ್ಲ. ಬರ್ತೀನಿ. ಲೂಪೆಗೂ ಹೇಳಿದೀನಿ, ಅವಳೂ ಬರ್ತಾಳೆ. ಅವಳನ್ನೂ ಕರೆದಿದ್ದೀಯಂತಲ್ಲ."

ಹೌದು, ಕರೆದಿದ್ದಳು. ಪ್ರತಿ ಸಲ ಪುಸ್ತಕ ವಾಪಸು ಕೊಡುವಾಗಲೂ ಕರೆದಿದ್ದಳು.

ಕೈ ಹಿಡಿದುಕೊಂಡಿದ್ದ ಕೇದಾರ ತಲೆಯೆತ್ತಿ ನೋಡಿದ. ಅವನಿಗೆ ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. "ಅಕ್ಕಾ, ಡಸ್ ಮಾಮ್ ನೋ?" ಎಂದ.

ಮಾಮ್‌ಗೆ, ಅಂದರೆ ಐಶ್ವರ್ಯಾ ಕಾಕುಗೆ, ಏನೂ ಗೊತ್ತಿರಲಿಲ್ಲ. ತೊಂದರೆ ಇದ್ದುದೇ ಅಲ್ಲಿ.

ಕಾಕುವಿನ ಆಫೀಸು ಸ್ಯಾನ್ ಮಟಿಯೋದಲ್ಲಿ, ಕೊಲ್ಲಿಯ ಆಚೆ. ದಿನಾ ಉದ್ದನೆಯ ಸೇತುವೆ ದಾಟಿ ಹೋಗಬೇಕು, ಟ್ರಾಫಿಕ್ಕಿನಲ್ಲಿ ಕೂತು ವಾಪಸು ಬರಬೇಕು. ಸ್ನೇಹಲ್ ಬಂದ ಮೊದಲ ದಿನವೇ ಕಾಕು ಅವಳ ತಲೆ ನೇವರಿಸಿ ಹೇಳಿದ್ದಳು, "ವಾರ ಪೂರ್ತಿ ಏನ್ ಬೇಕಾದ್ರೂ ಮಾಡು. ಸ್ಯಾಟರ್ಡೇ ಒಂದ್ ನಂಗ ಬಿಟ್ಟುಬಿಡು." ಶನಿವಾರ ಕಾಕು ಹಳೆಯ ನೈಟಿಯಲ್ಲಿ ಸೋಫಾದ ಮೇಲೆ ಮಲಗಿರುತ್ತಿದ್ದಳು. ಅವತ್ತು ಯಾರೂ ಬೆಲ್ ಒತ್ತುವಂತಿಲ್ಲ. ಹಾಗೆ ನೋಡಿದರೆ ಬೇರೆ ದಿನವೂ ಆ ಮನೆಯ ಬೆಲ್ ಒತ್ತುತ್ತಿದ್ದವನು ಪಾರ್ಸೆಲ್ ತರುವವನೊಬ್ಬನೇ.

ವಾರದಲ್ಲಿ ಏಳು ದಿನ ಇದ್ದರೂ ಸ್ನೇಹಲ್ ಹುಡುಕಿ ಹುಡುಕಿ ಶನಿವಾರವನ್ನೇ ಹಂಚಿಬಿಟ್ಟಿದ್ದಳು.

ಅಡುಗೆಮನೆಯಲ್ಲಿ ಅಜ್ಜಿಯ ಕಿವಿಯಲ್ಲಿ ವಿಷಯ ಹೇಳಿದಳು. ಅಜ್ಜಿ ಒಂಚೂರೂ ಗಾಬರಿಯಾಗಲಿಲ್ಲ.

"ಬರ್ತಾರಂದ್ರ ಬರ್ಲಿ. ಜ್ವಾಳದ ಹಿಟ್ಟೈತಿ. ಬದನಿಕಾಯಿ ತರಸೂಣು."

"ಕಾಕುಗ ನೀ ಹೇಳು ಅಜ್ಜಿ."

"ನಾ ಯಾಕ ಹೇಳ್ಲಿ? ಕರದಾಕಿ ನೀನು."

ಕಾಕುಗೆ ಹೇಳುವುದಕ್ಕಿಂತ ಊಟವನ್ನೇ ಕ್ಯಾನ್ಸಲ್ ಮಾಡುವುದು ಸುಲಭ ಎಂದು ಸ್ನೇಹಲ್‌ಗೆ ಹೊಳೆಯಿತು. ಗುರುವಾರ ಸಂಜೆ ವಾಲ್ಟರ್ ಅಜ್ಜನ ಮನೆಯ ಕಡೆ ನಡೆದಳು. ದಾರಿಯುದ್ದಕ್ಕೂ, ದಾರಿ ಅಂದರೆ ಎರಡು ಮನೆಗಳ ನಡುವಿನ ಒಂದು ತುಂಡು ಹುಲ್ಲುಹಾಸು, ಬಾಯಿಪಾಠ ಮಾಡಿಕೊಂಡಳು: "ಸಾರಿ ಅಂಕಲ್, ನಮ್ಮ ಕಾಕುಗೆ ಆರಾಮಿಲ್ಲ. ಇನ್ನೊಂದು ಸಲ ನೋಡೋಣ."

ಅಜ್ಜ ಬಾಗಿಲು ತೆರೆದು, "ಒಳ್ಳೆಯ ಸಮಯಕ್ಕೆ ಬಂದೆ," ಎಂದರು. "ನಿನ್ನನ್ನು ಒಂದು ಕೇಳಬೇಕಿತ್ತು. ನಿಮ್ಮ ಮನೆಯಲ್ಲಿ ಶೂ ಬಾಗಿಲಲ್ಲೇ ಬಿಡುತ್ತೀರಿ, ಅಲ್ಲವಾ?"

"ಹೌದು."

"ಹಾಗೇ ಅಂದುಕೊಂಡೆ. ನಿಮ್ಮ ಬಾಗಿಲ ಮುಂದೆ ಯಾವಾಗಲೂ ಚಪ್ಪಲಿ ನೋಡ್ತೀನಿ." ಅವರು ಒಳಗಿನಿಂದ ಒಂದು ಚೀಲ ತಂದರು. ಅದರಲ್ಲಿ ಎರಡು ಜೊತೆ ಹೊಸ ಸಾಕ್ಸು. "ನನ್ನ ಹಳೇ ಸಾಕ್ಸಿನಲ್ಲೆಲ್ಲ ಹೆಬ್ಬೆರಳು ಹೊರಗೆ ಇಣುಕುತ್ತೆ. ಮನೆಯಲ್ಲಿ ಇರುವವನು ನಾನೊಬ್ಬನೇ, ಯಾರು ನೋಡ್ತಾರೆ ಅಂತ ಬಿಟ್ಟಿದ್ದೆ. ನಿನ್ನೆ ಬಸ್ಸು ಹತ್ತಿ ಹೋಗಿ ಇವನ್ನು ತಂದೆ. ನೀನೇ ಹೇಳು, ಶನಿವಾರಕ್ಕೆ ನೀಲಿಯೋ, ಬೂದು ಬಣ್ಣದ್ದೋ?"

ಸ್ನೇಹಲ್ ಎರಡೂ ಜೊತೆಯನ್ನು ಮುಟ್ಟಿ ನೋಡಿದಳು.

"ನೀಲಿ," ಎಂದಳು.

ವಾಪಸು ಬರುವಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಊಟ ಬೇಡ ಎಂದು ಹೇಳಲು ಹೋದವಳು ಸಾಕ್ಸಿನ ಬಣ್ಣ ಆರಿಸಿಕೊಟ್ಟು ಬಂದಿದ್ದಳು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಅವಳು ಬಾಯಿತುದಿಯಲ್ಲಿ ಅಂದ ಮಾತಿಗೆ ಒಬ್ಬರು ಬಸ್ಸು ಹತ್ತಿ ಅಂಗಡಿಗೆ ಹೋಗಿದ್ದರು.

ಶುಕ್ರವಾರ ಸಂಜೆ ಕಾಕು ಮನೆಗೆ ಬಂದಳು. ಎಂದಿನಂತೆ ಕಾರು ಸೀದಾ ಗ್ಯಾರೇಜಿನ ಒಳಗೆ, ಹಿಂದೆಯೇ ಬಾಗಿಲು ಧಡ್ ಎಂದು ಕೆಳಗೆ. ಸ್ನೇಹಲ್ ಚಹಾದ ಕಪ್ಪು ಹಿಡಿದುಕೊಂಡು ಮುಂದೆ ನಿಂತಳು.

ಕಾಕು ಕಪ್ಪನ್ನೂ ನೋಡಿದಳು, ಅವಳನ್ನೂ ನೋಡಿದಳು. "ನೀ ಚಾ ತಂದಿ ಅಂದ್ರ ಏನೋ ಆಗೈತಿ. ಏನ್ ಮುರದಿ?"

"ಏನೂ ಮುರದಿಲ್ಲ ಕಾಕು. ನಾಳೆ ಊಟಕ್ಕ ಮಂದಿ ಬರ್ತಾರ."

"ಯಾರ ಮನಿಗೆ?"

"ನಮ್ಮ ಮನಿಗೆ."

ಕಾಕು ಚಹಾ ಕುಡಿಯಲಿಲ್ಲ. "ಎಷ್ಟು ಮಂದಿ?"

"ಬರ್ತೀನಿ ಅಂದಾವ್ರು ಮೂರು."

"ಅಂದಾವ್ರು ಮೂರು. ಕರದದ್ದು?"

ಸ್ನೇಹಲ್ ಚಾವಣಿ ನೋಡಿದಳು. "ಪೋಸ್ಟ್ ಹಾಕೂ ಅಂಕಲ್, ಆಮ್ಯಾಲೆ ಆ ನೀಲಿ ಮನಿ ಆಂಟಿ, ಆಮ್ಯಾಲೆ ಮುಂಜಾನೆ ನಾಯಿ ಹಿಡ್ಕೊಂಡು ಹೋಗ್ತಾರಲ್ಲ, ಅವ್ರು..."

"ನಾಯಿ?"

"ನಾಯಿನ್ನ ಕರದಿಲ್ಲ."

ಕೇದಾರ ಸೋಫಾದ ಹಿಂದಿನಿಂದ ತಲೆ ಹಾಕಿ, "ಅಕ್ಕಾ, ಯು ಆರ್ ಇನ್ ಬಿಗ್ ಟ್ರಬಲ್," ಎಂದು ಮತ್ತೆ ಮಾಯವಾದ.

"ಸ್ನೇಹಲ್, ಇದು ಹುಬ್ಬಳ್ಳಿ ಅಲ್ಲ," ಎಂದಳು ಕಾಕು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎಂದು ಸ್ನೇಹಲ್‌ಗೆ ಅನ್ನಿಸಿತು. "ಇಲ್ಲಿ ಬರ್ರಿ ಅಂದ್ರ ಬರ್ತಾರ. ಅದಕ್ಕ ನಾ ಯಾರಿಗೂ ಅನ್ನಂಗಿಲ್ಲ. ನಂಗಿರೂದು ಒಂದ್ ಸ್ಯಾಟರ್ಡೇ."

ಸ್ನೇಹಲ್‌ಳ ಕಣ್ಣಲ್ಲಿ ನೀರು ಬಂತು. "ನಾನ ಹೋಗಿ ಎಲ್ಲಾರಿಗೂ ಬ್ಯಾಡ ಅಂತ ಹೇಳಿ ಬರ್ತೀನಿ ಕಾಕು. ಆದ್ರ ವಾಲ್ಟರ್ ಅಂಕಲ್ ಸಾಕ್ಸ್ ತಂದಾರ."

"ಏನ್ ಸಾಕ್ಸ್?"

ಅವಳು ಹೇಳಿದಳು. ಇಣುಕುವ ಹೆಬ್ಬೆರಳು, ಬಸ್ಸು, ಎರಡು ಬಣ್ಣ, ಎಲ್ಲಾ ಹೇಳಿದಳು. ಕೇಳುತ್ತ ಕೇಳುತ್ತ ಕಾಕು ಕಪ್ಪನ್ನು ಟೇಬಲ್ಲಿನ ಮೇಲಿಟ್ಟಳು. ಕಿಟಕಿಯಾಚೆ ಬೇಲಿಯ ಕಡೆ ನೋಡಿದಳು. ಯಾಕೋ ಅವಳ ಮುಖ ಕೆಂಪಾಯಿತು.

"ಯಾ ಬಣ್ಣ ಹೇಳಿದಿ?"

"ನೀಲಿ."

ಕಾಕು ಒಳಗಿದ್ದ ಕಾಕಾನನ್ನು ಕೂಗಿದಳು. "ರೀ, ನಾಳೆ ಲಗೂನ ಎದ್ದು ಗ್ರೋಸರಿಗೆ ಹೋಗ್ರಿ. ಬದನಿಕಾಯಿ ಸಣ್ಣವು ನೋಡಿ ತರ್ರಿ." ಸ್ನೇಹಲ್ ಕಡೆ ತಿರುಗಿ ಅಂದಳು, "ನಂಗ ಸಿಟ್ಟಿಲ್ಲ ಅಂತ ತಿಳ್ಕೋಬ್ಯಾಡ. ಸಿಟ್ಟೈತಿ. ಅದನ್ನ ಸಂಡೇ ತೋರಸ್ತೀನಿ."

ಶನಿವಾರ ಬೆಳಿಗ್ಗೆ ಮನೆ ತುಂಬ ಬದನೆಕಾಯಿ ಎಣ್ಣೆಗಾಯಿಯ ವಾಸನೆ. ಅಜ್ಜಿ ಟಪಟಪ ರೊಟ್ಟಿ ಬಡಿದಳು. ಹೆಂಚಿನಿಂದ ಹೊಗೆ ಎದ್ದು ಚಾವಣಿಯ ಅಲಾರ್ಮು ಕುಯ್ಯೋ ಎಂದು ಅರಚಿಕೊಂಡಿತು. ಕಾಕಾ ಕುರ್ಚಿ ಹತ್ತಿ ಟವೆಲ್ಲು ಬೀಸಿದ. ಅದು ಸುಮ್ಮನಾಯಿತು, ಇನ್ನೊಂದು ರೊಟ್ಟಿಗೆ ಮತ್ತೆ ಅರಚಿತು. ಕಾಕಾ ಕೊನೆಗೆ ಕುರ್ಚಿಯಿಂದ ಇಳಿಯುವುದನ್ನೇ ಬಿಟ್ಟ. ಕಾಕು ನೈಟಿ ಬಿಟ್ಟು ಇಳಕಲ್ ಸೀರೆ ಉಟ್ಟಿದ್ದಳು.

ಸರಿಯಾಗಿ ಹನ್ನೆರಡೂವರೆಗೆ ಬೆಲ್ ಆಯಿತು. ಹುಬ್ಬಳ್ಳಿಯಲ್ಲಿ ಹನ್ನೆರಡೂವರೆ ಅಂದರೆ ಒಂದೂವರೆ. ಆದ್ದರಿಂದ ಬಾಗಿಲು ತೆರೆದಾಗ ಕಾಕಾ ಇನ್ನೂ ಟವೆಲ್ ಹಿಡಿದು ಕುರ್ಚಿಯ ಮೇಲೇ ಇದ್ದ.

ಏನೂ ತರಬೇಡಿ ಎಂದಿದ್ದರೂ ಮೂವರೂ ತಂದಿದ್ದರು. ಟೆಸ್ಸಿ ಆಂಟಿಯ ಕೈಯಲ್ಲಿ ಹೂವು. ಕಿತ್ತಳೆ ಕೋಟಿಲ್ಲದ ಅವರನ್ನು ಸ್ನೇಹಲ್ ಗುರುತೇ ಹಿಡಿಯಲಿಲ್ಲ, ಯಾರೋ ಬೇರೆಯವರೆಂದು ಹೆಸರು ಕೇಳಿ ನಾಲಿಗೆ ಕಚ್ಚಿಕೊಂಡಳು. ಲೂಪೆ ಆಂಟಿ ಡಬ್ಬಿಯಲ್ಲಿ ಮಾವಿನ ಹೋಳು ತಂದಿದ್ದರು, ಮೇಲೆ ಉಪ್ಪು, ಖಾರದ ಪುಡಿ ಉದುರಿಸಿ. ಅಜ್ಜಿ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಇವ್ರು ನಮ್ಮ ಮಂದೀನ," ಎಂದು ತೀರ್ಮಾನ ಕೊಟ್ಟಳು. ವಾಲ್ಟರ್ ಅಜ್ಜ ಚೀಲ ತುಂಬ ನಿಂಬೆಹಣ್ಣು ಕೊಟ್ಟರು. ಬಗ್ಗಿ ಶೂ ಬಿಚ್ಚಿ, ನೀಲಿ ಸಾಕ್ಸಿನಲ್ಲಿ ಮೆಲ್ಲಗೆ ಒಳಗೆ ಕಾಲಿಟ್ಟರು.

ಒಂದೇ ಕೈಯಲ್ಲಿ ರೊಟ್ಟಿ ಮುರಿಯುವುದು ಹೇಗೆಂದು ಅಜ್ಜಿ ಕನ್ನಡದಲ್ಲೇ ಕಲಿಸಿದಳು. ಟೆಸ್ಸಿ ಆಂಟಿಯ ರೊಟ್ಟಿ ಹಾರಿ ಕೇದಾರನ ಮೊಸರಿಗೆ ಬಿತ್ತು. ವಾಲ್ಟರ್ ಅಜ್ಜ ರೊಟ್ಟಿಯನ್ನು ತಿರುಗಿಸಿ ನೋಡಿ, "ಇದನ್ನು ಕೈಯಲ್ಲಿ ಬಡಿದು ಮಾಡೋದಾ? ಹಾಗಾದರೆ ದಿನಾ ಸಂಜೆ ಡ್ರಮ್ ಬಾರಿಸೋರು ಇವರೇ," ಎಂದರು. ಸ್ನೇಹಲ್ ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಟೇಬಲ್ಲನ್ನೇ ಟಪಟಪ ಬಡಿದು ತೋರಿಸಿದಳು.

ಎಲ್ಲರೂ ನಗುತ್ತಿರುವಾಗ ವಾಲ್ಟರ್ ಅಜ್ಜ ಕಾಕುವಿನ ಕಡೆ ತಿರುಗಿದರು. "ನೀವು ಈ ಮನೆಗೆ ಬಂದ ಮೊದಲ ವಾರ ನನ್ನನ್ನು ಊಟಕ್ಕೆ ಕರೆದಿದ್ದಿರಿ. ನೆನಪಿದೆಯಾ? ಬೇಲಿ ಹತ್ತಿರ. ಯಾವಾಗ ಅಂತ ಕೇಳಿದೆ. ತಿಳಿಸ್ತೀನಿ ಅಂದಿರಿ."

ಕಾಕುವಿನ ಕಿವಿ ಕೆಂಪಾಯಿತು. "ನೆನಪಿದೆ," ಎಂದಳು. "ಆಮೇಲೆ ನಿಮ್ಮ ಮುಖ ನೋಡೋಕೆ ನಾಚಿಕೆ ಆಗ್ತಿತ್ತು."

"ಆಗ ಇವನು ಹುಟ್ಟಿರಲಿಲ್ಲ," ಎಂದು ಅಜ್ಜ ಕೇದಾರನನ್ನು ತೋರಿಸಿ ನಕ್ಕರು. "ಬ್ಯುಸಿ ಇರಬೇಕು ಅಂದುಕೊಂಡೆ. ಅದಕ್ಕೇ ಈ ಹುಡುಗಿ ಕರೆದಾಗ ತಡ ಮಾಡಲಿಲ್ಲ. ಕೂಡಲೇ ಬರೆದುಕೊಂಡೆ."

ಸ್ನೇಹಲ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಾಕುವನ್ನು ನೋಡಿದಳು. ಕಾರು ಯಾಕೆ ಸೀದಾ ಗ್ಯಾರೇಜಿನ ಒಳಗೇ ಹೋಗುತ್ತಿತ್ತು ಎಂದು ಅವಳಿಗೆ ಈಗ ತಿಳಿಯಿತು. ಕಾಕುವೂ ಹುಬ್ಬಳ್ಳಿಯಿಂದ ಬಂದವಳೇ. ಅವಳೂ ಬಾಯಿತುಂಬ ಕರೆದಿದ್ದಳು, "ಯಾವಾಗ" ಅಂದಾಗ ಅವಳೂ ತಡವರಿಸಿದ್ದಳು.

ಹೊರಡುವ ಹೊತ್ತಿಗೆ ಕಾಕು ಬಾಗಿಲವರೆಗೆ ಬಂದಳು. "ಮತ್ತೆ ಬನ್ನಿ," ಎಂದಳು ಅಭ್ಯಾಸದಂತೆ.

ಶೂ ಹಾಕಿಕೊಳ್ಳಲು ಕುಳಿತಿದ್ದ ವಾಲ್ಟರ್ ಅಜ್ಜನ ಕೈ ನಿಧಾನವಾಗಿ ಜೇಬಿನ ಕಡೆ ಹೋಯಿತು. ಕಾಕು ಅದನ್ನು ನೋಡಿದಳು. ಸ್ನೇಹಲ್ ಕೂಡ ನೋಡಿದಳು. ಕಾಕುಗೆ ನಗು ತಡೆಯಲಾಗಲಿಲ್ಲ.

"ಜೂನ್, ಎರಡನೇ ಶನಿವಾರ," ಎಂದಳು.

ಮೂವರ ಫೋನುಗಳೂ ಹೊರಗೆ ಬಂದವು.

ಜೂನ್ ಹೊತ್ತಿಗೆ ಸ್ನೇಹಲ್‌ಗೆ ಶಾಲೆ ಶುರುವಾಗಿರುತ್ತದೆ. ಇಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅಲ್ಲಿ ನಡುರಾತ್ರಿ. ಹೇವರ್ಡಿನವಳು ಎಂದು ಮೆರೆದವಳು ಆಗ ಹುಬ್ಬಳ್ಳಿಯಲ್ಲಿ ಬಾಯಿ ತೆರೆದುಕೊಂಡು ಮಲಗಿರುತ್ತಾಳೆ. ಅವಳಿಲ್ಲದೆಯೇ ರೊಟ್ಟಿ ಬೇಯುತ್ತದೆ, ಅಲಾರ್ಮು ಅರಚುತ್ತದೆ. ಅದನ್ನು ನೆನೆದು ಅವಳಿಗೆ ಹೊಟ್ಟೆಕಿಚ್ಚಾಯಿತು. ಜೊತೆಗೇ ತುಂಬ ಖುಷಿಯೂ ಆಯಿತು. ಎರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಅವಳಿಗೆ ಗೊತ್ತಾಗಲಿಲ್ಲ.

"ನೀನೂ ಇರ್ತೀಯಲ್ಲ?" ಎಂದು ಅಜ್ಜ ಅವಳನ್ನು ಕೇಳಿದರು. ಅವರ ಬೆರಳು ಫೋನಿನ ಮೇಲೆ ಕಾಯುತ್ತಿತ್ತು.

"ಬರೂಣು" ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಎಷ್ಟು ಸುಲಭದ ಮಾತು. ಸ್ನೇಹಲ್ ನೀಲಿ ಸಾಕ್ಸುಗಳನ್ನು ನೋಡಿದಳು. ಒಂದರ ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬಗ್ಗಿ ಅದನ್ನು ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು.

"ಇಲ್ಲ ಅಂಕಲ್. ಆಗ ನಾನು ಇರೋದಿಲ್ಲ. ನನ್ನ ಹೆಸರು ಬರೀಬೇಡಿ."

ಅಜ್ಜ ತಲೆಯಾಡಿಸಿದರು. ಸ್ವಲ್ಪ ಯೋಚಿಸಿ, "ನಾಳೆ ಇರ್ತೀಯಾ?" ಎಂದರು. "ಟೊಮೆಟೊ ಸಸಿ ನೆಡಬೇಕು. ಒಬ್ಬನಿಗೆ ಬಗ್ಗೋಕೆ ಆಗಲ್ಲ."

ನಾಳೆ ಭಾನುವಾರ. ಸ್ನೇಹಲ್ ತಿರುಗಿ ಕಾಕುವಿನ ಮುಖ ನೋಡಿದಳು.

"ಹೋಗು," ಎಂದಳು ಕಾಕು. "ಸಿಟ್ಟು ಮಧ್ಯಾಹ್ನಕ್ಕ ಇಟ್ಕೋತೀನಿ."

"ಎಷ್ಟು ಗಂಟೆಗೆ ಬರಲಿ, ಅಂಕಲ್?" ಎಂದು ಕೇಳಿದಳು ಸ್ನೇಹಲ್.